ಪರದೆ ನೋಡದೆ ಆಡುತ್ತಿದ್ದ ಮಾವ

ನನ್ನ ಸೋದರಮಾವ ಯಾರ ಮುಖವನ್ನೂ ನೇರವಾಗಿ ನೋಡಿದವರಲ್ಲ. ನೀವು ಅವರ ಎದುರಿಗೆ ನಿಂತು ಮಾತಾಡುತ್ತಿದ್ದರೆ ಅವರ ದೃಷ್ಟಿ ನಿಮ್ಮ ಎಡಗಿವಿಯಿಂದ ಒಂದು ಗೇಣು ಆಚೆಗೆ, ಗಾಳಿಯಲ್ಲಿ ಯಾರೂ ಗುರುತು ಹಾಕದ ಒಂದು ಬಿಂದುವಿನ ಮೇಲೆ, ಬಹಳ ಗೌರವದಿಂದ ನಿಂತಿರುತ್ತಿತ್ತು. ಇಷ್ಟೇ ಇಷ್ಟು ಬಂಡವಾಳದಲ್ಲಿ ನಮ್ಮ ಬೀದಿ ಒಂದು ಪುರಾಣವನ್ನು ಕಟ್ಟಿ ನಿಲ್ಲಿಸಿತ್ತು. ಮಾವ ನೋಡುವುದು ನಿಮ್ಮ ಬೆನ್ನ ಹಿಂದೆ ನಿಂತಿರುವ ನಿಮ್ಮ ಸತ್ತ ಹಿರಿಯರನ್ನು ಎಂದು ಹಾಲಿನವಳು ಹೇಳುತ್ತಿದ್ದಳು. ಗಡಿಯಾರ ರಿಪೇರಿಯವರಾದ ಅವರಿಗೆ ಪ್ರತಿಯೊಬ್ಬರ ಹೆಗಲ ಮೇಲೂ ಆಯುಸ್ಸಿನ ಒಂದು ಗಡಿಯಾರ ಕಾಣುತ್ತದೆ, ಅದರ ಮುಳ್ಳು ಎಲ್ಲಿಗೆ ಬಂದಿದೆ ಎಂದು ನೋಡಿಕೊಂಡೇ ಅವರು ಮಾತು ಆರಂಭಿಸುತ್ತಾರೆ ಎಂಬುದು ಕಟಿಂಗ್ ಅಂಗಡಿಯವನ ಪಾಠಾಂತರ. ಇಂಥದ್ದನ್ನೆಲ್ಲ ನಂಬದ ಬ್ಯಾಂಕ್ ಮ್ಯಾನೇಜರರು ಒಮ್ಮೆ ವಾಚಿಗೆ ಬೆಲ್ಟು ಹಾಕಿಸಿಕೊಳ್ಳಲು ಬಂದು, ಹತ್ತು ನಿಮಿಷದಲ್ಲಿ ನಾಲ್ಕು ಸಲ ಹಿಂದೆ ತಿರುಗಿ ನೋಡಿ, ಕೊನೆಗೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಈ ಪುರಾಣಕ್ಕೆ ನನ್ನ ಕಾಣಿಕೆಯೂ ಸಣ್ಣದಲ್ಲ. ನಮ್ಮ ಮಾವ ದಿಟ್ಟಿಸಿ ನೋಡಿದರೆ ಓಡುವ ವಾಚು ನಿಂತುಹೋಗುತ್ತದೆ ಎಂದು ನಾನು ಶಾಲೆಯಲ್ಲಿ ಸಾರಿದ್ದೆ. ಅದರ ಫಲವಾಗಿ ನನ್ನ ತರಗತಿಯ ಒಬ್ಬ ಹುಡುಗ ಅವರ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಕೈಗಡಿಯಾರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಓಡುತ್ತಿದ್ದ.

ಆ ಅಂಗಡಿಯ ವಿಸ್ತಾರವನ್ನು ವರ್ಣಿಸಬೇಕೆಂದರೆ, ಅದರೊಳಗೆ ಒಬ್ಬರು ಸೀನಿದರೆ ಎಲ್ಲರೂ ಸೀನಿದಂತೆ. ಮುಂದೆ ಗಾಜಿನ ಮೇಜು, ಹಿಂದೆ ತಿರುಗುವ ಸ್ಟೂಲು, ಪಕ್ಕದಲ್ಲಿ ಗಿರಾಕಿಗಳು ಕೂರುವ ಬೆಂಚು, ಮೂರು ಗೋಡೆಗಳ ತುಂಬ ಗೋಡೆಗಡಿಯಾರಗಳು. ಒಂದಕ್ಕೆ ಹತ್ತೂಕಾಲಾದರೆ ಇನ್ನೊಂದಕ್ಕೆ ನಾಲ್ಕೂವರೆ, ಮತ್ತೊಂದಕ್ಕೆ ಎಂದೆಂದಿಗೂ ಹನ್ನೆರಡು. ಈ ಭಿನ್ನಮತೀಯರ ಸಭೆಯ ನಡುವೆ ಮಾವ ಬೂದು ಬಣ್ಣದ ಉಣ್ಣೆಯ ವೇಸ್ಟ್‌ಕೋಟು ತೊಟ್ಟು ಕೂತಿರುತ್ತಿದ್ದರು. ಅದರ ಜೇಬಿನಲ್ಲಿ ನಾಲ್ಕು ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಬೇಸಗೆಯಲ್ಲೂ ಅದನ್ನು ಬಿಚ್ಚಿದ್ದನ್ನು ನಾನು ಕಂಡಿಲ್ಲ. ನಡೆಯುವಾಗ ಬಲಗೈಯ ಬೆರಳ ತುದಿಯನ್ನು ಗೋಡೆಗೆ ತಾಗಿಸಿಕೊಂಡು, ಗೋಡೆಗೇ ಧೈರ್ಯ ಹೇಳುವವರ ಹಾಗೆ ನಡೆಯುತ್ತಿದ್ದರು. ಎಲ್ಲರೂ "ಆಯ್ತು" ಎನ್ನುವ ಕಡೆ ಅವರು "ಕೇಳಿಸ್ತು" ಎನ್ನುತ್ತಿದ್ದರು. ಊಟಕ್ಕೆ ಬನ್ನಿ ಅಂದರೂ ಕೇಳಿಸ್ತು, ಮಳೆ ಬರತ್ತೆ ಅಂದರೂ ಕೇಳಿಸ್ತು. ಗೋಡೆಯ ಮೇಲಿನ ಅಷ್ಟೂ ಗಡಿಯಾರಗಳ ಟಿಕ್ಕು ಅವರಿಗೆ ಬೇರೆ ಬೇರೆಯಾಗಿ ಗೊತ್ತಿತ್ತು. ಯಾರೊಂದಿಗೋ ಮಾತಾಡುತ್ತಿದ್ದವರು ತಟ್ಟನೆ ತಲೆ ವಾಲಿಸಿ, "ಬಾಗಿಲ ಮೇಲಿನದು ಕುಂಟ್ತಾ ಇದೆ ನೋಡು," ಎನ್ನುವರು. ನಮಗೆ ಕೇಳಿಸುತ್ತಿದ್ದುದು ಆಲಿಕಲ್ಲು ತಗಡಿನ ಮೇಲೆ ಬಿದ್ದಂಥ ಒಂದೇ ಗದ್ದಲ.

ಮಾವನಿಗೆ ಒಬ್ಬಳೇ ಮಗಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳನ್ನು ನಾವು ಕರೆಯುತ್ತಿದ್ದುದು ರೇಡಿಯೋ ಎಂದು, ಏಕೆಂದರೆ ಅವಳು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಶಾಲೆ ಬಿಟ್ಟ ಕೂಡಲೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ಬೀದಿಯ ವಾರ್ತೆಗಳನ್ನು ಬಿತ್ತರಿಸಲು ಶುರು ಮಾಡುತ್ತಿದ್ದಳು. "ಅಪ್ಪಾ, ಪೋಸ್ಟಿನವರು ಬಂದ್ರು, ಕೈಯಲ್ಲಿ ಬರೀ ಒಂದು ಕವರು." "ಅಪ್ಪಾ, ಮೇಷ್ಟ್ರು ಬರ್ತಿದಾರೆ, ಅದೇ ಗೋಡೆಗಡಿಯಾರ ಹೊತ್ಕೊಂಡು, ಗಾಜು ಒಡ್ಕೊಂಡಿದಾರೆ." ಕಣ್ಣ ಮುಂದೆ ಇರುವುದನ್ನೇ ಕೂಗಿ ಹೇಳುವ ಈ ಚಟವನ್ನು ನಾನು ಅಣಕಿಸುತ್ತಿದ್ದೆ. "ಮಾವಾ, ನಾನು ಬಂದೆ, ನನಗೆ ಎರಡು ಕಾಲಿದಾವೆ," ಎಂದು ಕೂಗುತ್ತಾ ಒಳಗೆ ಬರುತ್ತಿದ್ದೆ. ಮಾವ ನಗುತ್ತಿದ್ದರು. "ಬಾ ಲಾಯರ್," ಎನ್ನುತ್ತಿದ್ದರು. ಎಲ್ಲದಕ್ಕೂ ವಾದ ಹೂಡುತ್ತಿದ್ದ ನನಗೆ ಅವರು ಇಟ್ಟ ಹೆಸರು ಅದು. ರೇಡಿಯೋ ಮಾತ್ರ ನಗುತ್ತಿರಲಿಲ್ಲ.

ಇಂಥ ಅಂಗಡಿಗೆ ಒಂದು ದಿನ ಔಷಧಿ ಅಂಗಡಿಯವರು ಒಂದು ರಟ್ಟಿನ ಪೆಟ್ಟಿಗೆ ತಂದರು. ಅದನ್ನು ಮೇಜಿನ ಮೇಲಿಟ್ಟು, ಎಡಕ್ಕೆ ಬಲಕ್ಕೆ ನೋಡಿ, ವಿಷದ ಶೀಶೆ ಕೊಡುವಾಗಲೂ ತಗ್ಗಿಸದಷ್ಟು ದನಿ ತಗ್ಗಿಸಿದರು.

"ನನ್ನ ಮಗನಿಗೆ ಅಂತ ಅವನ ದೊಡ್ಡಪ್ಪ ತಂದು ಕೊಟ್ಟಿದ್ದು. ಟೀವಿಗೆ ಸಿಕ್ಕಿಸಿ ಆಡೋ ವಿಡಿಯೋ ಗೇಮು. ಪರೀಕ್ಷೆ ಹತ್ರ ಬಂತು, ಪುಸ್ತಕ ಮುಟ್ತಿಲ್ಲ. ಕೆಟ್ಟಿದೆ, ರಿಪೇರಿಗೆ ಕೊಟ್ಟಿದೀನಿ ಅಂತ ಹೇಳಿದೀನಿ. ಪರೀಕ್ಷೆ ಮುಗಿಯೋವರೆಗೂ ನಿಮ್ಮಲ್ಲಿರಲಿ."

"ಏನು ಕೆಟ್ಟಿದೆ ಅಂತ ಹೇಳ್ಲಿ, ಕೇಳಿದ್ರೆ?" ಎಂದರು ಮಾವ, ಅವರ ಕಿವಿಯ ಪಕ್ಕಕ್ಕೆ.

ಔಷಧಿ ಅಂಗಡಿಯವರು ಹಿಂದೆ ತಿರುಗಿ ನೋಡಿಕೊಂಡು, "ಏನಾದ್ರೂ ಹೇಳಿ, ನೀವು ಹೇಳಿದ್ರೆ ನಂಬ್ತಾನೆ," ಎಂದು ಬೇಗ ಹೊರಟುಹೋದರು. ಆ ಹುಡುಗ ಆ ಪರೀಕ್ಷೆಯಲ್ಲಿ ನಪಾಸಾದ. ಹಾಗಾಗಿ ಮರುಪರೀಕ್ಷೆಯವರೆಗೆ ಯಂತ್ರದ ಕಾಯಿಲೆಯೂ ಮುಂದುವರಿಯಿತು. ಒಬ್ಬನ ವಿದ್ಯಾಭ್ಯಾಸದ ದುರಂತದಿಂದ ಇಡೀ ಬೀದಿಯ ಮಕ್ಕಳಿಗೆ ಲಾಭವಾದ ಉದಾಹರಣೆ ಇದಲ್ಲದೆ ಬೇರೆ ನನಗೆ ಗೊತ್ತಿಲ್ಲ.

ಅಂಗಡಿಯ ಮೂಲೆಯಲ್ಲಿ ಒಂದು ಸಣ್ಣ ಕಪ್ಪುಬಿಳುಪು ಟೀವಿ ಇತ್ತು. ಕೆಟ್ಟಿಲ್ಲದ ಯಂತ್ರವನ್ನು ಕೆಟ್ಟಿದೆ ಎಂದು ಇಟ್ಟುಕೊಳ್ಳುವುದು ಕಸುಬಿಗೆ ಅವಮಾನ, ಕೊನೆಯ ಪಕ್ಷ ಪರೀಕ್ಷೆ ಮಾಡಿಯಾದರೂ ನೋಡಬೇಕು ಎಂದು ನಾನು ಒಂದು ಗಂಟೆ ವಾದಿಸಿದ ಮೇಲೆ ಮಾವ ಅದನ್ನು ಟೀವಿಗೆ ಸಿಕ್ಕಿಸಿದರು. ಕಪ್ಪು ಪರದೆ. ಎಡಕ್ಕೊಂದು ಬಿಳಿ ಗೆರೆ, ಬಲಕ್ಕೊಂದು ಬಿಳಿ ಗೆರೆ, ನಡುವೆ ಅತ್ತಿಂದಿತ್ತ ಓಡುವ ಬಿಳಿ ಚುಕ್ಕಿ. ಗೆರೆ ಬ್ಯಾಟು, ಚುಕ್ಕಿ ಚೆಂಡು. ಇಬ್ಬರ ಕೈಗೂ ಒಂದೊಂದು ಹಿಡಿ. ಅದರ ಮೇಲೆ ಒಂದು ಗುಂಡಿ. ಗುಂಡಿ ತಿರುಗಿಸಿದರೆ ಗೆರೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಚೆಂಡು ಬ್ಯಾಟಿಗೆ ಬಡಿದರೆ ಟಿಂಗ್, ಮೇಲಿನ ಕೆಳಗಿನ ಗೋಡೆಗೆ ಬಡಿದರೆ ಟೊಕ್, ತಪ್ಪಿಹೋದರೆ ಕರುಳು ಹಿಂಡುವ ಒಂದು ಭೊರ್. ಮೊದಲು ಹದಿನೈದು ಮುಟ್ಟಿದವರು ಗೆದ್ದಂತೆ. ಆಟವೆಂದರೆ ಇಷ್ಟೇ. ಇಂದಿನ ಮಕ್ಕಳಿಗೆ ಇದನ್ನು ಹೇಳಿದರೆ ಅವರು ನನ್ನನ್ನು ಗುಹೆಯಿಂದ ಎದ್ದುಬಂದವನಂತೆ ನೋಡುತ್ತಾರೆ.

ಆದರೆ ಆ ಗುಂಡಿಯನ್ನು ಮೊದಲ ಸಲ ತಿರುಗಿಸಿದ ಕ್ಷಣ ನನ್ನ ಬೆರಳುಗಳಲ್ಲಿ ಇನ್ನೂ ಇದೆ. ಅಲ್ಲಿಯವರೆಗೆ ಟೀವಿ ಎಂದರೆ ದೊಡ್ಡವರ ಹಾಗೆ ತಾನು ಹೇಳುವುದನ್ನು ಹೇಳಿ ಮುಗಿಸುವ ವಸ್ತು. ನಾವು ಕೈಕಟ್ಟಿ ಕೂತು ಕೇಳಬೇಕು, ನಮ್ಮನ್ನು ಅದು ಏನೂ ಕೇಳುವುದಿಲ್ಲ. ಈಗ ನಾನು ಬೆರಳನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದೆ, ಗಾಜಿನ ಆಚೆ, ನನ್ನಿಂದ ಮುಟ್ಟಲಾಗದ ಆ ಲೋಕದಲ್ಲಿ, ಒಂದು ಬಿಳಿ ಗೆರೆ ನನ್ನ ಮಾತು ಕೇಳಿ ಸರಿಯಿತು. ಮನೆಯಲ್ಲಿ ನಾಯಿ ಕೂಡ ನನ್ನ ಮಾತು ಕೇಳುತ್ತಿರಲಿಲ್ಲ. ನಾನು ಗೆರೆಯನ್ನು ಮೇಲೆ ಕಳಿಸಿದೆ, ಕೆಳಗೆ ಇಳಿಸಿದೆ, ಮತ್ತೆ ಮೇಲೆ. ಚೆಂಡು ಮೂರು ಸಲ ತಪ್ಪಿತು, ನನಗೆ ಅದರ ಪರಿವೆಯೇ ಇರಲಿಲ್ಲ. ಹತ್ತು ವರ್ಷದ ಆಯುಸ್ಸಿನಲ್ಲಿ ಮೊದಲ ಬಾರಿಗೆ ನನಗೆ ಒಂದು ರಾಜ್ಯ ಸಿಕ್ಕಿತ್ತು.

ರಾಜ್ಯ ಸಿಕ್ಕ ಒಂದು ವಾರಕ್ಕೆ ಚಕ್ರವರ್ತಿ ಬಂದರು. ನಾವೆಲ್ಲ ಆಡಿ ಮುಗಿಸಿದ ಮೇಲೆ ಮಾವ, "ನಂಗೂ ಒಂದು ಕೊಡು ಲಾಯರ್," ಎಂದು ಹಿಡಿಯನ್ನು ತೆಗೆದುಕೊಂಡರು. ಗುಂಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಿಧಾನವಾಗಿ ತಿರುಗಿಸಿ ಅಳತೆ ತೆಗೆದುಕೊಂಡರು. ಆಮೇಲೆ ಮುಖವನ್ನು ಬೀದಿಯ ಕಡೆ ತಿರುಗಿಸಿ, ತಲೆಯನ್ನು ಸ್ವಲ್ಪ ವಾಲಿಸಿ, ಬರುವ ಬಸ್ಸಿಗೆ ಕಾಯುತ್ತಿರುವವರಂತೆ ಕೂತರು. ಪರದೆಯ ಕಡೆಗೆ ಒಮ್ಮೆಯೂ ನೋಡಲಿಲ್ಲ. ಹಾಗೆಯೇ ನನ್ನನ್ನು ಹದಿನೈದಕ್ಕೆ ಒಂಬತ್ತರಲ್ಲಿ ಸೋಲಿಸಿದರು.

ಆಮೇಲಿನ ತಿಂಗಳುಗಳಲ್ಲಿ ಅವರು ಬೀದಿಯ ಪ್ರತಿಯೊಂದು ಮಗುವನ್ನೂ, ಸೈಕಲ್ ಅಂಗಡಿಯವನನ್ನೂ, ಒಮ್ಮೆ ಶಾಲೆಯ ಡ್ರಿಲ್ ಮೇಷ್ಟ್ರನ್ನೂ ಮಣಿಸಿದರು. ಗೋಡೆಗೆ ಬಡಿದು ಮೂಲೆಗೆ ಚಿಮ್ಮುವ ಕಠಿಣಾತಿಕಠಿಣ ಚೆಂಡುಗಳನ್ನು ಅವರು ಆಕಳಿಸುತ್ತಾ ಹೊಡೆಯುತ್ತಿದ್ದರು. ವಿಚಿತ್ರವೆಂದರೆ, ಯಾವ ಗೋಡೆಗೂ ತಾಗದೆ ನೆಟ್ಟಗೆ ಬರುವ ಸೋಮಾರಿ ಚೆಂಡನ್ನು, ತೊಟ್ಟಿಲ ಕೂಸೂ ತಡೆಯಬಲ್ಲ ಚೆಂಡನ್ನು, ಆಗಾಗ ಸುಮ್ಮನೆ ಬಿಟ್ಟುಬಿಡುತ್ತಿದ್ದರು. ಅದು ಸಣ್ಣ ಮಕ್ಕಳ ಮೇಲಿನ ಅವರ ಕರುಣೆ ಎಂದು ನಾವು ತೀರ್ಮಾನಿಸಿದ್ದೆವು. ಪುರಾಣಕ್ಕೆ ಹೊಸ ಅಧ್ಯಾಯ ಸೇರಿತು. ನಮ್ಮನ್ನು ಸೋಲಿಸುವುದಕ್ಕೆ ಅವರು ನೋಡುವ ಅಗತ್ಯವೂ ಇಲ್ಲ, ನೋಡಿದರೆ ಟೀವಿ ಸುಟ್ಟುಹೋದೀತೆಂದು ದಯೆತೋರಿ ಬೀದಿಯ ಕಡೆ ತಿರುಗಿ ಕೂರುತ್ತಾರೆ ಎಂದು ನಾನೇ ಶಾಲೆಯಲ್ಲಿ ವ್ಯಾಖ್ಯಾನ ಕೊಟ್ಟೆ.

ಓದುವವರಿಗೆ ಈಗಾಗಲೇ ಅರ್ಥವಾಗಿರುತ್ತದೆ. ಅಲ್ಲಿದ್ದ ನಮಗ್ಯಾರಿಗೂ ಅರ್ಥವಾಗಲಿಲ್ಲ. ಮಾವನ ಕಣ್ಣು ನಾಲ್ಕು ವರ್ಷಗಳಿಂದ ಹೋಗುತ್ತಿತ್ತು. ಮೊದಲು ಹೋದದ್ದು ನೋಟದ ನಡುಭಾಗ. ನೇರ ನೋಡಿದರೆ ಎದುರಿಗಿರುವವರ ಮುಖದ ಜಾಗದಲ್ಲಿ ಒಂದು ಬೂದು ಕಲೆ, ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಹಾಗಾಗಿಯೇ ಕಿವಿಯ ಪಕ್ಕದ ಆ ನೋಟ. ವಿಡಿಯೋ ಗೇಮು ಬರುವ ಹೊತ್ತಿಗೆ ಆ ಅಂಚೂ ಮಬ್ಬಾಗಿ, ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ ಉಳಿದಿತ್ತು. ಕಣ್ಣಿಲ್ಲದವನ ಕೈಗೆ ಯಾರು ವಾಚು ಕೊಟ್ಟಾರು? ಮಗಳು ಶಾಲೆ ಮುಗಿಸುವವರೆಗೆ ಅಂಗಡಿ ಬಾಗಿಲು ತೆರೆದಿರಬೇಕು, ಅಲ್ಲಿಯವರೆಗೆ ಯಾರಿಗೂ, ಅತ್ತೆಗೂ, ತಿಳಿಯಬಾರದು ಎಂದು ಅವರು ತಮ್ಮೊಳಗೇ ಗಡುವು ಹಾಕಿಕೊಂಡಿದ್ದರು. ಬೆಲ್ಟು, ಗೋಡೆಗಡಿಯಾರ, ಕೀಲಿ, ಬೆರಳಿಗೂ ಕಿವಿಗೂ ಸಿಕ್ಕುವ ಕೆಲಸಗಳನ್ನೆಲ್ಲ ಮಾಡುತ್ತಿದ್ದರು. ಹೆಂಗಸರ ಸಣ್ಣ ವಾಚು ಬಂದರೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಹೊರಳಿಸಿ ಹೊರಳಿಸಿ ನೋಡಿದಂತೆ ಮಾಡಿ, "ಇದರ ಪಾರ್ಟು ಈಗ ಬರ್ತಿಲ್ಲಮ್ಮ," ಎಂದು ಗಂಭೀರವಾಗಿ ಹಿಂದಿರುಗಿಸುತ್ತಿದ್ದರು. ಅತ್ತೆ ಇದನ್ನು ಸೋಮಾರಿತನ ಎಂದುಕೊಂಡು, "ವಯಸ್ಸಾಗ್ತಾ ಆಗ್ತಾ ನಿಮಗೆ ಬಂದ ಗಿರಾಕೀನ ಓಡಿಸೋದೇ ಕೆಲಸ ಆಯ್ತು ನೋಡಿ," ಎಂದು ಹಂಗಿಸುತ್ತಿದ್ದರು. ಮಾವ "ಕೇಳಿಸ್ತು" ಎನ್ನುತ್ತಿದ್ದರು.

ಗೊತ್ತಿದ್ದವಳು ರೇಡಿಯೋ ಒಬ್ಬಳೇ. ಒಂಬತ್ತು ವರ್ಷದವಳಿದ್ದಾಗ ಯಾವುದೋ ಸಿಟ್ಟಿಗೆ ಅಪ್ಪನ ಎದುರು ನಿಂತು ನಾಲಗೆ ಚಾಚಿದಳಂತೆ, ಬೈಯುತ್ತಾರೆಂದು ಕಾದಳಂತೆ, ಅವರು ಅವಳ ಕಿವಿಯ ಪಕ್ಕಕ್ಕೆ ನೋಡುತ್ತಾ ಮುಗುಳ್ನಕ್ಕರಂತೆ. ಅವತ್ತಿನಿಂದ ಅವಳು ಬಾಯಿ ಮುಚ್ಚಲಿಲ್ಲ. ಯಾರು ಬಂದರು, ಏನು ತಂದರು, ಯಾವ ಬಣ್ಣ, ಎಷ್ಟು ದೂರ ಎಂದು ದಿನವಿಡೀ ಬೀದಿಯನ್ನು ಓದಿ ಹೇಳುತ್ತಿದ್ದಳು. ತಂದೆಯೂ ಕೇಳಲಿಲ್ಲ, ಮಗಳೂ ಹೇಳಲಿಲ್ಲ. ಅವರಿಬ್ಬರ ನಡುವೆ ಆ ವಿಷಯ ಒಂದು ಸಲವೂ ಮಾತಾಗಿ ಬಂದಿರಲಿಲ್ಲ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ನಮ್ಮಿಬ್ಬರ ತಲೆಯೂ ನರೆತ ಮೇಲೆ.

ಆಟಕ್ಕೆ ಅವಳು ಒಂದೇ ನಿಯಮ ಮಾಡಿದ್ದಳು. ಟೀವಿಯ ಸೌಂಡಿನ ಗುಂಡಿಯನ್ನು ಯಾರೂ ಮುಟ್ಟಬಾರದು. ಯಾಕೆಂದು ಕೇಳಿದರೆ, "ಅದು ಮುರಿದುಹೋಗತ್ತೆ, ನಮ್ಮಪ್ಪಂಗೆ ಟೀವಿ ರಿಪೇರಿ ಬರಲ್ಲ," ಎನ್ನುತ್ತಿದ್ದಳು.

ಅಷ್ಟರಲ್ಲಿ ನಾನು ಇಪ್ಪತ್ತಾರು ಸಲ ಸೋತಿದ್ದೆ. ಸೋಲು ನನ್ನನ್ನು ಅಷ್ಟಾಗಿ ನೋಯಿಸಿರಲಿಲ್ಲ. ನನ್ನ ಆಟವನ್ನು ಅವರು ನೋಡುವುದೇ ಇಲ್ಲವಲ್ಲ ಎಂಬುದು ಎದೆಯಲ್ಲಿ ಮುಳ್ಳಾಗಿತ್ತು. ನಾನು ಎಷ್ಟು ಚೆಂದದ ಹೊಡೆತ ಹೊಡೆದರೂ ಚಕ್ರವರ್ತಿಯ ದೃಷ್ಟಿ ಬೀದಿಯ ಮೇಲೆ. ಊಟದ ತಟ್ಟೆಯ ಮುಂದೆ ಕೂತು ನಾನು ಪ್ರತಿಜ್ಞೆ ಮಾಡಿದೆ: ಒಂದೇ ಒಂದು ಸಲ, ಅವರು ಪರದೆಯ ಕಡೆ ತಿರುಗಿ ನನ್ನ ಆಟ ನೋಡುವಂತೆ ಮಾಡುತ್ತೇನೆ. ಲಾಯರ ಮೆದುಳು ಕೆಲಸಕ್ಕೆ ಇಳಿಯಿತು. ಅವರು ತಲೆ ವಾಲಿಸುತ್ತಾರೆ. ಗೋಡೆಗಡಿಯಾರ ಕುಂಟುವುದನ್ನು ಕೇಳುವಾಗಲೂ ಹಾಗೆಯೇ ವಾಲಿಸುತ್ತಾರೆ. ಸೌಂಡಿನ ಗುಂಡಿಯನ್ನು ಮುಟ್ಟಬಾರದು ಎಂಬ ನಿಯಮ ಬೇರೆ. ಅಂದರೆ ಅವರು ಆಡುತ್ತಿರುವುದು ಕಿವಿಯಿಂದ. ಟಿಂಗ್‌ಗೂ ಟೊಕ್‌ಗೂ ನಡುವಿನ ಕಾಲವನ್ನು ಎಣಿಸಿ ಚೆಂಡು ಎಲ್ಲಿದೆಯೆಂದು ತಿಳಿಯುತ್ತಾರೆ. ಇದು ಗಡಿಯಾರದವರ ಜಂಬ, ನಮ್ಮ ಮುಂದೆ ಮಾಡುವ ದೊಡ್ಡ ಪ್ರದರ್ಶನ. ಸೌಂಡು ನಿಂತರೆ ವಿಧಿಯಿಲ್ಲದೆ ತಿರುಗಿ ನೋಡಲೇಬೇಕು. ಇಷ್ಟೆಲ್ಲ ಸರಿಯಾಗಿ ಕಂಡುಹಿಡಿದ ಜಾಣನಿಗೆ ಉಳಿದ ಒಂದೇ ಒಂದು ಹೆಜ್ಜೆ ಹೊಳೆಯಲಿಲ್ಲ. ನನಗೆ ಗೊತ್ತಿರುವ ಅನೇಕ ಜಾಣರ ಕಥೆ ಅಷ್ಟೇ.

ಅದೊಂದು ರಜೆಯ ಮಧ್ಯಾಹ್ನ. ಆಸ್ಪತ್ರೆಯ ಹೆಡ್ ನರ್ಸು ತಮ್ಮ ವಾಚಿಗಾಗಿ ಬಂದು ಬೆಂಚಿನ ಮೇಲೆ ಕೂತಿದ್ದರು. ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಪುಟ್ಟ ವಾಚು. ರೋಗಿಗಳ ನಾಡಿ ಎಣಿಸಲು ಅದೇ ಬೇಕು. ಬೇರೆ ಹೆಂಗಸರಿಗೆ ಹೇಳಿದ ಪಾರ್ಟಿನ ಕಥೆ ಅವರ ಮುಂದೆ ನಡೆದಿರಲಿಲ್ಲ. ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಮೂರು ವಾರದಿಂದ ಮಾವ "ನಾಳೆ" ಎನ್ನುತ್ತಿದ್ದರು.

"ಇವತ್ತು ತಗೊಂಡೇ ಹೋಗೋದು. ನೀವು ಆಡ್ಕೊಳಿ, ನಾನು ಕೂತಿರ್ತೀನಿ," ಎಂದರು ನರ್ಸು.

"ಇದೊಂದು ಆಟ ಮುಗೀಲಿ ಸಿಸ್ಟರ್," ಎಂದರು ಮಾವ. ಆಟ ಆದಷ್ಟು ನಿಧಾನವಾಗಿ ಮುಗಿಯಲಿ ಎಂದು ಅವರು ಬೇಡಿಕೊಳ್ಳುತ್ತಿದ್ದರೆಂದು ನನಗೇನು ಗೊತ್ತು? ರೇಡಿಯೋ ಅಮ್ಮನ ಜೊತೆ ಊಟದ ಡಬ್ಬಿ ತರಲು ಮನೆಗೆ ಹೋಗಿದ್ದಳು. ನಾನು ಟೀವಿಯ ಪಕ್ಕಕ್ಕೇ ಒತ್ತಿಕೊಂಡು ಕೂತಿದ್ದೆ. ಹನ್ನೊಂದು ಅವರದು, ಹತ್ತು ನನ್ನದು. ಚೆಂಡು ಓಡುತ್ತಿತ್ತು. ಟಿಂಗ್, ಟೊಕ್, ಟಿಂಗ್. ಬಲಗೈಯಿಂದ ಹೊಡೆಯುತ್ತಲೇ ಎಡಗೈಯನ್ನು ಟೀವಿಯ ಮೇಲಿಟ್ಟು, ಆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಚೆಂಡು ಸದ್ದಿಲ್ಲದೆ ಅವರ ಕಡೆಗೆ ಹೋಯಿತು, ಸದ್ದಿಲ್ಲದೆ ದಾಟಿತು. ಹನ್ನೊಂದು. ಮತ್ತೊಂದು. ಹನ್ನೆರಡು. ಮಾವ ಪರದೆಯ ಕಡೆ ತಿರುಗಲಿಲ್ಲ. ಅವರ ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ತಡೆಯಿತು. ಆಮೇಲೆ ಅವರು ಹಿಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಎರಡೂ ಕೈಯನ್ನು ತೊಡೆಯ ಮೇಲೆ ಮಡಿಸಿಕೊಂಡು, ನೆಟ್ಟಗೆ ಕೂತರು. ಹದಿಮೂರು. ಹದಿನಾಲ್ಕು. ಬೆಂಚಿನ ಮೇಲೆ ನರ್ಸಿನ ಪಕ್ಕ ಕೂತಿದ್ದ ಬೀದಿಯ ಮಕ್ಕಳು ಕಿಸಕ್ಕೆಂದರು. ಪರದೆಯ ಮೇಲೆ ಆಟ ತನ್ನಷ್ಟಕ್ಕೆ ನಡೆಯುತ್ತಿತ್ತು, ನಾನು ಒಂದೊಂದೇ ಅಂಕ ಗೆಲ್ಲುತ್ತಿದ್ದೆ, ಅವರು ಮುಖದಲ್ಲಿ ಯಾವ ಬೇಸರವೂ ಇಲ್ಲದೆ ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಹದಿನೈದು. ನಾನು ಗೆದ್ದೆ.

ನರ್ಸು ಅವರನ್ನೇ ನೋಡುತ್ತಿದ್ದರು. ಎದ್ದು ಬಂದು ಮೇಜಿನ ಎದುರು ನಿಂತರು. ಅವರ ದನಿ ವಾರ್ಡಿನಲ್ಲಿ ಕೇಳುವ ದನಿಯಾಗಿತ್ತು.

"ಯಜಮಾನ್ರೇ, ನನ್ನ ಕೈಯಲ್ಲಿ ಎಷ್ಟು ಬೆರಳು ಹೇಳಿ ನೋಡೋಣ."

ಮಾವ ನಕ್ಕರು. "ನಿಮ್ಮ ವಾಚು ನಾಳೆ ಖಂಡಿತ ಕೊಡ್ತೀನಿ ಸಿಸ್ಟರ್."

"ವಾಚು ಇರಲಿ. ಬೆರಳು ಎಷ್ಟು?"

ಗೋಡೆಯ ಮೇಲಿನ ಅಷ್ಟೂ ಗಡಿಯಾರಗಳು ಒಟ್ಟಿಗೆ ನಡೆಯುತ್ತಿದ್ದವು. ಮಾವ ತಲೆ ವಾಲಿಸಿ, "ಎರಡು," ಎಂದರು.

ನರ್ಸು ಯಾವ ಬೆರಳನ್ನೂ ಎತ್ತಿರಲಿಲ್ಲ. ಅವರ ಎರಡು ಕೈಗಳೂ ಕೈಚೀಲದ ಮೇಲೇ ಇದ್ದವು.

ಬಾಗಿಲಲ್ಲಿ ಡಬ್ಬಿ ಹಿಡಿದುಕೊಂಡು ಅತ್ತೆ ನಿಂತಿದ್ದರು, ಪಕ್ಕದಲ್ಲಿ ರೇಡಿಯೋ. ಮಾವ ಹೇಳಿದ ಉತ್ತರ ಇಬ್ಬರಿಗೂ ಕೇಳಿಸಿತ್ತು. ರೇಡಿಯೋ ಟೀವಿಯನ್ನು ನೋಡಿದಳು, ಟೀವಿಯ ಮೇಲಿದ್ದ ನನ್ನ ಎಡಗೈಯನ್ನು ನೋಡಿದಳು. ಅತ್ತೆ ಒಳಗೆ ಬಂದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮಾವನ ಮುಖದ ಹತ್ತಿರಕ್ಕೆ ತಮ್ಮ ಮುಖ ತಂದರು. ಮಾವನ ದೃಷ್ಟಿ ಅವರ ಕಿವಿಯ ಪಕ್ಕದಲ್ಲೇ ಇತ್ತು. ಅತ್ತೆ ಕೂಗಾಡುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಬೇರೆ.

"ಮೊನ್ನೆ ಹೊಸ ಬಟ್ಟೆ ಹಾಕ್ಕೊಂಡಿದ್ದಾಗ ಬಣ್ಣ ಒಪ್ಪತ್ತೆ ಅಂದ್ರಲ್ರೀ."

"ಮಗಳು ಹೇಳಿದ್ಲು," ಎಂದರು ಮಾವ. "ಹಸಿರು ಅಂತ."

ಅತ್ತೆ ಬೆಂಚಿನ ಮೇಲೆ ಕೂತರು. ನರ್ಸು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾವು ಮಕ್ಕಳು ಒಬ್ಬೊಬ್ಬರಾಗಿ ಜಾರಿಕೊಂಡೆವು. ಹೊರಗೆ ಮೆಟ್ಟಿಲ ಬಳಿ ರೇಡಿಯೋ ನನ್ನ ಅಂಗಿಯ ತೋಳು ಹಿಡಿದು ನಿಲ್ಲಿಸಿ, "ಮುಟ್ಬೇಡ ಅಂದಿದ್ನಲ್ಲೋ," ಎಂದಳು. ಅಷ್ಟೇ. ಅದಾದ ಮೇಲೆ ಎರಡು ವರ್ಷ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಕಣ್ಣಿನ ಡಾಕ್ಟರು ತುಂಬ ತಡವಾಯಿತು ಎಂದರು. ನಾಲ್ಕು ವರ್ಷ ಮೊದಲೇ ಬಂದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದೂ ಅಂದರು. ಎರಡನ್ನೂ ಒಟ್ಟಿಗೆ ಹೇಳಿದ್ದರಿಂದ ಯಾವುದಕ್ಕೆ ಅಳಬೇಕೆಂದು ಅತ್ತೆಗೆ ತಿಳಿಯಲಿಲ್ಲ. ಸುದ್ದಿ ಬೀದಿಯ ಆ ತುದಿ ಮುಟ್ಟುವುದಕ್ಕೆ ಒಂದು ದಿನ ಸಾಕಾಯಿತು. ಜನ ತಮ್ಮ ತಮ್ಮ ವಾಚುಗಳನ್ನು ಹಿಂದಕ್ಕೆ ಪಡೆಯಲು ಬಂದರು. ತುಂಬ ಮೃದುವಾಗಿಯೇ ಬಂದರು, ಆದರೆ ಬಂದವರಲ್ಲಿ ಒಬ್ಬರಿಗೂ ಮಾವನ ಮುಖದ ಮುಂದೆ ಒಮ್ಮೆ ಕೈ ಆಡಿಸಿ ನೋಡದೆ ಇರಲು ಆಗಲಿಲ್ಲ. ಮಾವ ಒಬ್ಬೊಬ್ಬರಿಗೂ, "ಸಾಕು, ಗಾಳಿ ಚೆನ್ನಾಗಿ ಬರ್ತಿದೆ," ಎನ್ನುತ್ತಿದ್ದರು. ಸತ್ತ ಹಿರಿಯರೂ ಆಯುಸ್ಸಿನ ಗಡಿಯಾರಗಳೂ ಒಂದೇ ವಾರದಲ್ಲಿ ನಮ್ಮ ಬೀದಿಯನ್ನು ಬಿಟ್ಟುಹೋದವು. ಅವರನ್ನು ಕಂಡರೆ ಬೆನ್ನ ಹಿಂದೆ ನೋಡಿಕೊಳ್ಳುತ್ತಿದ್ದವರೆಲ್ಲ ಈಗ ಅವರ ಹತ್ತಿರ ಬಂದು, ಹೋದದ್ದು ಕಣ್ಣಲ್ಲ ಕಿವಿ ಎಂಬಂತೆ, ಎತ್ತರದ ದನಿಯಲ್ಲಿ ಕೂಗಿ ಮಾತಾಡತೊಡಗಿದರು. ಒಂದು ತುಣುಕು ಕರುಣೆ ಆ ಇಡೀ ಪುರಾಣವನ್ನು ತಿಂದು ಮುಗಿಸಿತು.

ತಿಂಗಳೊಪ್ಪತ್ತಿನಲ್ಲಿ ಅಂಗಡಿಯ ಜಾಗ ಬೇರೆಯವರ ಪಾಲಾಯಿತು. ವಿಡಿಯೋ ಗೇಮನ್ನು ಮಾವ ತಾವೇ ರಟ್ಟಿನ ಪೆಟ್ಟಿಗೆಗೆ ತುಂಬಿ, ಅದರ ತಂತಿಗಳನ್ನು ಸುತ್ತಿ, ಔಷಧಿ ಅಂಗಡಿಯವರ ಕೈಗೆ ಕೊಟ್ಟು, "ರಿಪೇರಿ ಆಯ್ತು ಅಂತ ಹೇಳಿ ನಿಮ್ಮ ಹುಡುಗನಿಗೆ," ಎಂದರು. ನರ್ಸು ಓಡಾಡಿ ಅತ್ತೆಗೆ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಕೆಲಸ ಕೊಡಿಸಿದರು. ಹಾಗಾಗಿ ರೇಡಿಯೋಳ ಶಾಲೆ ನಿಲ್ಲಲಿಲ್ಲ. ನಿಂತದ್ದು ಅವಳ ಬಾಯಿ. ಮನೆಗೆ ಬಂದವರು ತಾವೇ ಬಾಗಿಲಲ್ಲಿ "ನಾನು ಬಂದೆ" ಎಂದು ಹೇಳಿಕೊಳ್ಳಲು ಕಲಿತಿದ್ದರು, ಅವಳು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಹೋದಾಗ ಮಾತ್ರ ಆ ಮಾತನ್ನು ಹೇಳಲಾಗದೆ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಒಂದು ಕಾಲಕ್ಕೆ ಅದೇ ಮಾತನ್ನು ಅಣಕಕ್ಕೆಂದು ಕೂಗಿದವನು ನಾನು. ಮಾವ ನನ್ನ ಉಸಿರಿನಲ್ಲೇ ಗುರುತು ಹಿಡಿದು, "ಬಾ ಲಾಯರ್," ಎನ್ನುತ್ತಿದ್ದರು.

ಐವತ್ತನೆಯ ವಯಸ್ಸಿನಲ್ಲಿ ಅವರು ಬೆತ್ತದ ಕುರ್ಚಿ ಹೆಣೆಯಲು ಕಲಿತರು. ವಾಚಿನೊಳಗಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಮೇಲೆ ಆಡಿದ ಬೆರಳಿಗೆ ಬೆತ್ತ ಯಾವ ಲೆಕ್ಕ ಎಂದು ನಾವು ಅವರನ್ನು ಹುರಿದುಂಬಿಸುತ್ತಿದ್ದೆವು. ಮೊದಲ ವರ್ಷ ಅವರ ಬೆರಳುಗಳ ತುದಿಯೆಲ್ಲ ಸೀಳಿಕೊಂಡಿತ್ತು. ಅಂಗಡಿಯಿಂದ ತಂದ ಗೋಡೆಗಡಿಯಾರಗಳಲ್ಲಿ ಮಾಲೀಕರು ಬಾರದವು ಏಳೆಂಟು ಮನೆಯಲ್ಲೇ ಉಳಿದಿದ್ದವು. ಅವುಗಳಿಗೆ ಅವರು ಕೀಲಿ ಕೊಡುವುದನ್ನು ಬಿಟ್ಟರು. ಅವು ಒಂದೊಂದಾಗಿ ನಿಲ್ಲುತ್ತಾ ಬಂದವು. ಒಂದೊಂದು ನಿಂತಾಗಲೂ ಮಾವ ಕೈಯಲ್ಲಿನ ಬೆತ್ತವನ್ನು ಹಾಗೇ ಹಿಡಿದು ತಲೆ ವಾಲಿಸುತ್ತಿದ್ದರು, ಆಮೇಲೆ ಮುಂದಿನ ಗಂಟು ಹಾಕುತ್ತಿದ್ದರು.

ಆ ರಜೆಯ ಮಧ್ಯಾಹ್ನವನ್ನು ನಾನು ಮೂವತ್ತೈದು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಹೊರಲಾರದ್ದನ್ನು ಕಥೆಯಾಗಿ ಹೇಳಿ ಹಗುರ ಮಾಡಿಕೊಳ್ಳುವುದು ನನ್ನಂಥವರ ದಾರಿ. ಯುದ್ಧ ಅನ್ಯಾಯವಾಯಿತೆಂದು ತಿಳಿದ ಕ್ಷಣವೇ ವೀರನೊಬ್ಬ ರಣರಂಗದ ನಡುವೆ ಶಸ್ತ್ರ ಕೆಳಗಿಟ್ಟು ಕೂತ ಕಥೆಯಾಗಿ ಅದನ್ನು ಗೆಳೆಯರ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಸದ್ದು ನಿಂತದ್ದು ತಿಳಿದಿತ್ತು, ಯಾರ ಕೈಯೆಂದೂ ತಿಳಿದಿತ್ತು. ಒಂದು ಮಾತು ಅಂದಿದ್ದರೆ ಗುಟ್ಟು ಉಳಿಯುತ್ತಿತ್ತು. ಆದರೆ ಹತ್ತು ವರ್ಷದ ಪೋರನ ಮುಂದೆ ಸದ್ದು ಕೊಡು ಎಂದು ಬೇಡುವುದಕ್ಕಿಂತ ಎಲ್ಲವನ್ನೂ ಕಳೆದುಕೊಳ್ಳುವುದೇ ಮೇಲೆಂದು ಅವರು ಹಿಡಿಯನ್ನು ಕೆಳಗಿಟ್ಟರು ಎಂಬುದು ನನ್ನ ಭಾಷ್ಯ. ಕೇಳಿದವರು ನಿಟ್ಟುಸಿರು ಬಿಡುತ್ತಿದ್ದರು. ನನಗೂ ಅದರಿಂದ ಸಮಾಧಾನವಿತ್ತು. ಅವರೇ ಆರಿಸಿಕೊಂಡ ಸೋಲಾದರೆ ನನ್ನ ಕೈಯ ಭಾರ ಸ್ವಲ್ಪ ಕಡಿಮೆ.

ಹೋದ ವರ್ಷ ರೇಡಿಯೋಳ ಮನೆಗೆ ಹೋಗಿದ್ದೆ. ಅತ್ತೆ ತೀರಿಕೊಂಡ ಮೇಲೆ ಮಾವ ಅಲ್ಲೇ ಇದ್ದಾರೆ, ಎಂಬತ್ತು ದಾಟಿದೆ. ಒಳಕೋಣೆಯಲ್ಲಿ ಅವಳ ಮಗ ಯಾವುದೋ ವಿಡಿಯೋ ಗೇಮು ಆಡುತ್ತಿದ್ದ, ಅಲ್ಲಿಂದ ಗುಂಡಿನ ಸುರಿಮಳೆ ಕೇಳುತ್ತಿತ್ತು. ಮಾವ ಕಿಟಕಿಯ ಬಳಿ ಕೂತು ಒಂದು ಕುರ್ಚಿಯ ತಳ ಹೆಣೆಯುತ್ತಿದ್ದರು. ನಾನು ಅವರ ಪಕ್ಕ ಕೂತು, ಮೂವತ್ತೈದು ವರ್ಷ ಪೂರ್ವಪೀಠಿಕೆ ಸಿದ್ಧಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಮಾವ, ಅವತ್ತು ಸೌಂಡ್ ಕಮ್ಮಿ ಮಾಡಿದ್ದು ನಾನೇ."

"ಗೊತ್ತು. ಆಮೇಲೆ ಮಗಳು ಹೇಳಿದ್ಲು," ಎಂದರು, ಬೆತ್ತವನ್ನು ಎಳೆದು ಬಿಗಿಮಾಡುತ್ತಾ.

ನಾನು ಅವರನ್ನು ನೋಡುತ್ತಾ ಕೂತೆ. ತಮ್ಮ ಬಾಳಿನಲ್ಲಿ ಕತ್ತಲೆ ಬರುತ್ತಿರುವುದನ್ನು ಎಲ್ಲರಿಗಿಂತ ಮೊದಲು ತಿಳಿದು, ಅದನ್ನು ಮನೆಯವರಿಂದ ಮರೆಮಾಡಿ, ಆ ಮರೆಮಾಡುವುದನ್ನೇ ಒಂದು ಕಸುಬಿನಂತೆ ಅಚ್ಚುಕಟ್ಟಾಗಿ ನಡೆಸುವ ಒಂದು ಬಗೆಯ ಜನ ಎಲ್ಲ ಬೀದಿಗಳಲ್ಲೂ ಇರುತ್ತಾರೆ. ನಾವು ಅವರ ಮೌನಕ್ಕೆ ಗರ್ವವೆಂದೋ ಸೋಮಾರಿತನವೆಂದೋ ತಪಸ್ಸೆಂದೋ ನಮಗೆ ಅನುಕೂಲವಾದ ಹೆಸರಿಡುತ್ತೇವೆ. ಅವರು ಯಾವ ಹೆಸರನ್ನೂ ತಿದ್ದುವುದಿಲ್ಲ. ಆಟ ಕೈತಪ್ಪಿದಾಗ ದೂರಿಲ್ಲದೆ ಎದ್ದುಬಿಡುವ ಶಕ್ತಿ ಇಂಥವರಿಗೆ ಎಲ್ಲಿಂದ ಬರುತ್ತದೆ, ಸೋಲನ್ನು ಅಷ್ಟು ಘನತೆಯಿಂದ ತೊಡೆಯ ಮೇಲೆ ಕೈಮಡಿಸಿ ಬರಮಾಡಿಕೊಳ್ಳುವುದನ್ನು ಇವರು ಯಾರಿಂದ ಕಲಿತರು ಎಂದು ತಿಳಿಯುವ ಆಸೆ ನನ್ನನ್ನು ಬಿಡಲಿಲ್ಲ.

"ಅವತ್ತು ಆಟದ ಮಧ್ಯೆ ಹಿಡೀನ ಕೆಳಗಿಟ್ಟು ಕೈ ಕಟ್ಕೊಂಡು ಕೂತ್ರಲ್ಲ ಮಾವ," ಎಂದೆ. "ಆಗ ಮನಸ್ಸಲ್ಲಿ ಏನಿತ್ತು?"

ಮಾವ ಕೆಲಸ ನಿಲ್ಲಿಸಿ, ನನ್ನ ಕಿವಿಯ ಪಕ್ಕಕ್ಕೆ ನೋಡಿದರು.

"ಏನಿರತ್ತೋ. ಕರೆಂಟ್ ಹೋಯ್ತು ಅಂದ್ಕೊಂಡೆ. ಬರತ್ತೆ ಅಂತ ಕೂತಿದ್ದೆ."